ಸ್ಲೈಡ್ ಎರಡು ಮಿಲಿಮೀಟರ್ ಮೊದಲೇ ನಿಂತರೆ: ಎರಕದ ಗುಂಡಿನ ರೌಂಡ್ ಸಿಕ್ಕಿಕೊಳ್ಳೋದು ಯಾಕೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ನಾನಿರೋದು ಟೆಕ್ಸಸ್‌ನಲ್ಲಿ. ಕೆಲಸ ಒಂದು ಮಷೀನ್ ಶಾಪ್‌ನಲ್ಲಿ, ಅಳತೆ ನೋಡೋ ವಿಭಾಗ. ಅದಕ್ಕೂ ಮುಂಚೆ ಆರು ವರ್ಷ ಪೀಣ್ಯದಲ್ಲಿ ಇದೇ ಕೆಲಸ ಮಾಡಿದೋನು. ಶನಿವಾರದ ಹವ್ಯಾಸ ಕಾಗದದ ಗುರಿಗೆ ಪಿಸ್ತೂಲು ಹೊಡೆಯೋದು. ಅದಕ್ಕೆ ಬೇಕಾದ ರೌಂಡ್‌ಗಳನ್ನು ಗ್ಯಾರೇಜಿನಲ್ಲಿ ನಾನೇ ಕಟ್ಕೋತೀನಿ.

ಈ ಹವ್ಯಾಸದ ಬಗ್ಗೆ ಮಾತಾಡಿದಾಗೆಲ್ಲ ಒಂದೇ ಪ್ರಶ್ನೆ ಸುತ್ತಿ ಸುತ್ತಿ ಬರುತ್ತೆ: "ಅಂಗಡಿ ರೌಂಡ್ ಸಲೀಸಾಗಿ ಓಡುತ್ತೆ, ಸೀಸದ ಗುಂಡು ಹಾಕಿ ನಾನು ಕಟ್ಟಿದ್ದು ಮಾತ್ರ ಒಳಗೆ ಹೋಗ್ತಾ ಹೋಗ್ತಾ ನಿಂತುಬಿಡುತ್ತೆ. ಪಿಸ್ತೂಲು ರಿಪೇರಿಗೆ ಕೊಡಬೇಕಾ?" ಬಹುಪಾಲು ಸಲ ಬೇಡ. ಆದರೆ ಅದಕ್ಕಿಂತ ದೊಡ್ಡ ವಿಷಯ ಬೇರೆ ಇದೆ: ಹಾಗೆ ನಿಂತ ರೌಂಡನ್ನು ನೀವು ಏನು ಮಾಡಿದಿರಿ ಅನ್ನೋದು. ಅಲ್ಲೇ ಕೈ ಹೋಗೋದು, ಕಣ್ಣು ಹೋಗೋದು.

ಮೊದಲು ಕಾನೂನು, ಬೇಗ ಮುಗಿಸ್ತೀನಿ. ಇಂಡಿಯಾದಲ್ಲಿ ಇದನ್ನು ಮನೇಲಿ ಮಾಡೋ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಕೆಗೆ ಪ್ರತ್ಯೇಕ ಲೈಸೆನ್ಸ್ ಬೇಕು, ಕೋವಿ ಇಟ್ಕೊಳ್ಳೋ ಲೈಸೆನ್ಸ್ ಅದಕ್ಕೆ ಸಾಲದು. ಕೊಡಗಿನ ಗೆಳೆಯರೊಬ್ಬರು "ನಮಗೆ ವಿನಾಯಿತಿ ಇದೆಯಲ್ಲ" ಅಂದರು. ಆ ವಿನಾಯಿತಿ ಕೋವಿ ಹೊಂದೋದಕ್ಕೆ, ರೌಂಡ್ ಕಟ್ಟೋದಕ್ಕಲ್ಲ. ಅಮೆರಿಕದಲ್ಲಿ ಸ್ವಂತಕ್ಕೆ ಕಟ್ಕೊಳ್ಳೋಕೆ ಫೆಡರಲ್ ಲೈಸೆನ್ಸ್ ಬೇಡ, ಮಾರೋ ವ್ಯಾಪಾರಕ್ಕೆ ಇಳಿದರೆ ಬೇಕು. ರಾಜ್ಯದ ಕಾನೂನು ಬೇರೆ ಬೇರೆ. ಎಚ್-1ಬಿ ಮೇಲಿರೋ ಹುಡುಗರು ಇದನ್ನು ಗಮನವಿಟ್ಟು ಕೇಳಿ: ವಲಸೆಯೇತರ ವೀಸಾದವರು ಬಂದೂಕನ್ನೂ ಮದ್ದುಗುಂಡನ್ನೂ ಹೊಂದೋದಕ್ಕೆ ಫೆಡರಲ್ ಕಾನೂನಲ್ಲಿ ನಿಷೇಧ ಇದೆ. ಬೇಟೆ ಲೈಸೆನ್ಸ್ ಥರದ ಕೆಲವು ವಿನಾಯಿತಿಗಳು ಇದ್ದರೂ, ವಕೀಲರನ್ನು ಕೇಳದೆ ಒಂದು ಹೆಜ್ಜೆ ಇಡಬೇಡಿ.

ಈಗ ಪದಗಳು. ಕನ್ನಡದಲ್ಲಿ ನಾವು ಎಲ್ಲಕ್ಕೂ "ಗುಂಡು" ಅಂತೀವಿ, ಪೇಪರಿನವರು "ಕಾಡತೂಸು" ಅಂತಾರೆ. ಇವತ್ತು ಸ್ವಲ್ಪ ಬಿಡಿಸಿ ಹೇಳ್ತೀನಿ. ಹಿತ್ತಾಳೆ ಕೊಳವೆ ಅಂದ್ರೆ ಕೇಸ್. ಅದರ ತಳದಲ್ಲಿ ಪ್ರೈಮರ್, ಹೊಟ್ಟೆಯಲ್ಲಿ ಪೌಡರ್, ಬಾಯಲ್ಲಿ ಗುಂಡು. ನಾಲ್ಕೂ ಸೇರಿದರೆ ರೌಂಡ್. ಅಂಗಡಿ ರೌಂಡ್‌ಗಳಲ್ಲಿ ಹೆಚ್ಚಿನವುಗಳ ಗುಂಡಿಗೆ ತಾಮ್ರದ ಹೊದಿಕೆ ಇರುತ್ತೆ. ಎರಕದ ಗುಂಡಿಗೆ ಅದಿಲ್ಲ. ಸೀಸಕ್ಕೆ ಗಟ್ಟಿ ಬರಲಿ ಅಂತ ತವರ, ಆಂಟಿಮನಿ ಸೇರಿಸಿ ಅಚ್ಚಿಗೆ ಹೊಯ್ದದ್ದು. ಲೈಮನ್ ನಂಬರ್ 2 ಅನ್ನೋ ಹೆಸರಾದ ಮಿಶ್ರಣದಲ್ಲಿ 90 ಭಾಗ ಸೀಸ, 5 ತವರ, 5 ಆಂಟಿಮನಿ. ಮೈಮೇಲಿನ ಗಾಡಿಯಲ್ಲಿ ಜೇನುಮೇಣದಂಥ ಲೂಬ್ ತುಂಬಿರುತ್ತೆ. ಅಗ್ಗ, ಬ್ಯಾರೆಲ್‌ಗೂ ಮೃದು. ಆದರೆ ಹೊದಿಕೆಯ ಗುಂಡಿಗಿಂತ ಒಂದೆರಡು ಥೌ ದಪ್ಪ ಇರಬೇಕು. ಥೌ ಅಂದ್ರೆ ಇಂಚಿನ ಸಾವಿರದ ಒಂದು ಭಾಗ, ಪೀಣ್ಯದಲ್ಲಿ ಕೆಲಸ ಮಾಡಿದೋರಿಗೆ ಬಿಡಿಸಿ ಹೇಳಬೇಕಾಗಿಲ್ಲ. 9 ಎಂಎಂಗೆ ಹೊದಿಕೆ ಗುಂಡು 0.355 ಇಂಚು, ಎರಕದ್ದು ಸಾಮಾನ್ಯವಾಗಿ 0.356 ಅಥವಾ 0.357. .45 ಎಸಿಪಿಗೆ 0.451 ಮತ್ತು 0.452. ತೆಳುವಾದರೆ ಬಿಸಿ ಗಾಳಿ ಗುಂಡಿನ ಪಕ್ಕದಿಂದ ನುಗ್ಗಿ ಸೀಸ ಕರಗಿಸಿ ಬ್ಯಾರೆಲ್‌ಗೆ ಬಳಿದುಬಿಡುತ್ತೆ.

ಅದು ದಪ್ಪ ಇರಲೇಬೇಕು, ದಪ್ಪ ಇದ್ದರೆ ಕೇಸ್ ಉಬ್ಬುತ್ತೆ, ಉಬ್ಬಿದ ಕೇಸ್ ಚೇಂಬರಿಗೆ ಹೋಗಲ್ಲ. ತಾಪತ್ರಯದ ಬೇರು ಮುಕ್ಕಾಲು ಪಾಲು ಇಲ್ಲೇ ಇದೆ.

ನಮ್ಮ ರೇಂಜಿಗೆ ಬರೋ ಒಬ್ಬ ಮಂಡ್ಯದ ಹುಡುಗ ಇದ್ದಾನೆ. ಗ್ರೀನ್ ಕಾರ್ಡ್ ಬಂದ ಮೇಲೆ ಶುರು ಮಾಡಿದ್ದು, ಕೈ ಚುರುಕು, ತಾಳ್ಮೆ ಸ್ವಲ್ಪ ಕಮ್ಮಿ. 9 ಎಂಎಂನಲ್ಲಿ ಮೊದಲು ದುಂಡು ಮೂತಿ ಗುಂಡು ಹಾಕಿ ಕಟ್ಟುತ್ತಿದ್ದ, ಒಟ್ಟು ಉದ್ದ 1.150 ಇಂಚು, ಚೆನ್ನಾಗಿ ಓಡ್ತಿತ್ತು. ಆಮೇಲೆ ಅಗ್ಗಕ್ಕೆ ಸಿಕ್ತು ಅಂತ ಚಪ್ಪಟೆ ಮೂತಿಯ ಎರಕದ ಗುಂಡು ತಂದ, ಅದೇ 1.150ಕ್ಕೆ ಕೂರಿಸಿದ. ಸ್ಲೈಡ್ ಎರಡು ಮಿಲಿಮೀಟರ್ ಮೊದಲೇ ನಿಂತಿತು. ಅಂಗೈಯಿಂದ ಸ್ಲೈಡ್ ಬೆನ್ನಿಗೆ ಒಂದು ಕೊಟ್ಟ, ಮುಚ್ಚಿಕೊಳ್ತು, ಹೊಡೆದ. ಮುಂದಿನದು ಮತ್ತೆ ನಿಂತಿತು. ಮನೆಗೆ ಹೋಗಿ "ಕೇಸ್ ಬಾಯಿ ಇನ್ನೂ ಬಿಗಿ ಮಾಡಬೇಕು" ಅಂತ ತೀರ್ಮಾನಿಸಿ ಡೈ ಇನ್ನೂ ಅರ್ಧ ಸುತ್ತು ಇಳಿಸಿ ಬಿಗಿದುಕೊಂಡು ಬಂದ. ಈ ಸಲ ಇನ್ನೂ ಜಾಸ್ತಿ ನಿಲ್ಲೋಕೆ ಶುರುವಾಯ್ತು. ನಿಂತದ್ದನ್ನು ಎಳೆದು ತೆಗೆದು, ಒರೆಸಿ, ಮತ್ತೆ ಮ್ಯಾಗಜೀನಿಗೆ ಹಾಕುತ್ತಿದ್ದ.

ಪಕ್ಕದ ಲೇನ್‌ನಲ್ಲಿದ್ದ ನಾನು ಆ ರೌಂಡ್ ಕೇಳಿ ಇಸ್ಕೊಂಡೆ. ಜೇಬಿನ ವರ್ನಿಯರ್‌ನಲ್ಲಿ ಹಿಡಿದರೆ 1.118. ಮೂವತ್ತೆರಡು ಥೌ ಗುಂಡು ಕೇಸಿನ ಒಳಗೆ ಸರಿದುಹೋಗಿದೆ.

ಇದು ಯಾಕೆ ಭಯ ಅಂತ ಹೇಳ್ತೀನಿ. ಪೌಡರ್ ಉರಿಯೋಕೆ ಇರೋ ಜಾಗವೇ ಗುಂಡಿನ ಹಿಂದಿನ ಆ ಚಿಕ್ಕ ಕೋಣೆ. 9 ಎಂಎಂನಲ್ಲಿ ಅದು ಮೊದಲೇ ಬೆರಳ ತುದಿಯಷ್ಟು. ಗುಂಡು ಒಳಕ್ಕೆ ಸರಿದರೆ ಜಾಗ ಇನ್ನೂ ಕುಗ್ಗುತ್ತೆ, ಒತ್ತಡ ನೇರ ಲೆಕ್ಕದಲ್ಲಿ ಏರಲ್ಲ, ಹಾರಿಬಿಡುತ್ತೆ. ಅಮೆರಿಕದ ಉದ್ಯಮ ಮಾನದಂಡದಲ್ಲಿ 9 ಎಂಎಂಗೆ ಇರೋ ಗರಿಷ್ಠ ಸರಾಸರಿ ಒತ್ತಡ 35,000 ಪಿಎಸ್ಐ. ನಿಮ್ಮ ಕಾರಿನ ಟೈರ್‌ನಲ್ಲಿ 32ರ ಹತ್ತಿರ ಇರುತ್ತಲ್ಲ, ಅದರ ಸಾವಿರ ಪಟ್ಟಿಗೂ ಮೇಲೆ. .45ಗೆ ಅದು 21,000, ಸ್ವಲ್ಪ ಉಸಿರಾಡೋ ಜಾಗ ಇದೆ. 9 ಎಂಎಂನಲ್ಲಿ ಇಲ್ಲ. ಕೇಸ್ ಹರಿದರೆ ಆ ಗಾಳಿ ಮ್ಯಾಗಜೀನ್ ಕಡೆಗೆ, ಅಂದ್ರೆ ನಿಮ್ಮ ಅಂಗೈ ಕಡೆಗೆ ಬರುತ್ತೆ.

ಅದಕ್ಕೇ ನನ್ನ ಬೆಂಚಿನಲ್ಲಿ ಒಂದು ನಿಯಮ: ಒಮ್ಮೆ ಸಿಕ್ಕಿಕೊಂಡ ರೌಂಡ್ ಇನ್ನೊಮ್ಮೆ ಮ್ಯಾಗಜೀನಿಗೆ ಹೋಗೋ ಹಾಗಿಲ್ಲ. ಪಕ್ಕದ ಡಬ್ಬಿಗೆ ಹೋಗುತ್ತೆ.

ಆ ಹುಡುಗನ ರೌಂಡ್‌ಗಳಲ್ಲಿ ಎರಡನ್ನು ಗುಂಡು ಕೀಳೋ ಸುತ್ತಿಗೆಯಲ್ಲಿ ಹಾಕಿ ಬಿಚ್ಚಿದ್ವಿ. ಹಾಕುವಾಗ 0.356 ಇದ್ದ ಗುಂಡು ಹೊರಗೆ ಬಂದಾಗ 0.353. ಮೂರು ಥೌ ಕಳ್ಕೊಂಡಿದೆ. ಇದನ್ನು ಹಲವರು ನಂಬಲ್ಲ. ಬಿಗಿ ಮಾಡಿದರೆ ಗುಂಡು ಗಟ್ಟಿಯಾಗಿ ನಿಲ್ಲಬೇಕಲ್ವಾ? ತಾಮ್ರದ ಹೊದಿಕೆ ಇದ್ದರೂ ಇದಕ್ಕೊಂದು ಮಿತಿ ಇದೆ, ಸೀಸಕ್ಕೆ ಅಂತೂ ಉಲ್ಟಾ. ಹಿತ್ತಾಳೆಗೆ ಸ್ಪ್ರಿಂಗ್ ಗುಣ ಇದೆ, ಒತ್ತಿದರೆ ಸ್ವಲ್ಪ ಹಿಂದಕ್ಕೆ ಬರುತ್ತೆ. ಸೀಸಕ್ಕಿಲ್ಲ, ಒತ್ತಿದಲ್ಲೇ ಕೂತುಬಿಡುತ್ತೆ. ಡೈ ಮೇಲೆದ್ದ ಕೂಡಲೇ ಹಿತ್ತಾಳೆ ಬಿಚ್ಚಿಕೊಳ್ಳುತ್ತೆ, ಗುಂಡು ಮಾತ್ರ ಸಣ್ಣಗಾಗಿ ಉಳಿಯುತ್ತೆ. ಅತಿಯಾಗಿ ಬಿಗಿದಷ್ಟೂ ಹಿಡಿತ ಸಡಿಲ. ಗುಂಡು ಒಳಗೆ ಜಾರೋದು ಅದಕ್ಕೇ. ಅದೇ ತೆಳುವಾದ ಗುಂಡು ಬ್ಯಾರೆಲ್‌ಗೆ ಸೀಸ ಬಳಿಯೋದೂ ಅದಕ್ಕೇ. ಅವನ ಮೂಲ ತೊಂದರೆ ಉದ್ದದ್ದು, ಮಾಡಿದ ಚಿಕಿತ್ಸೆ ಬಾಯಿಗೆ. ಹೊಟ್ಟೆನೋವಿಗೆ ತಲೆಗೆ ಪಟ್ಟಿ ಕಟ್ಟಿದ ಹಾಗೆ. ಸುಮ್ಮನೆ ಫಲ ಸಿಗದೇ ಹೋಗಿದ್ದರೆ ಪರವಾಗಿರಲಿಲ್ಲ, ಇಲ್ಲಿ ಚಿಕಿತ್ಸೆಯೇ ಹೊಸ ಅಪಾಯ ತಂದಿತ್ತು.

ಹಾಗಾದ್ರೆ ಸರಿಯಾಗಿ ಹುಡುಕೋದು ಹೇಗೆ?

ಮೊದಲು ಅದೇ ಪಿಸ್ತೂಲು, ಅದೇ ಮ್ಯಾಗಜೀನ್, ಅಂಗಡಿ ರೌಂಡ್. ಒಂದು ಐವತ್ತು ಹೊಡೀರಿ. ಅದೂ ಸಿಕ್ಕಿಕೊಂಡರೆ ತೊಂದರೆ ಪಿಸ್ತೂಲಿನದೋ ಮ್ಯಾಗಜೀನಿನದೋ. ಸ್ಪ್ರಿಂಗ್ ಸೋತಿರಬಹುದು, ಮ್ಯಾಗಜೀನ್ ತುಟಿ ಅಗಲವಾಗಿರಬಹುದು. ಮ್ಯಾಗಜೀನ್‌ಗಳ ತಳಕ್ಕೆ ಮಾರ್ಕರ್‌ನಲ್ಲಿ 1, 2, 3 ಅಂತ ನಂಬರ್ ಬರೆದುಬಿಡಿ. ಪ್ರತಿ ಸಲ ಎರಡನೇ ನಂಬರಿನಲ್ಲೇ ನಿಲ್ಲುತ್ತೆ ಅಂದ್ರೆ ಅಲ್ಲಿಗೆ ಮುಗೀತು, ರೌಂಡ್ ಬೈಕೋಬೇಡಿ.

ಆಮೇಲೆ ಎಲ್ಲಿ ನಿಂತಿತು ಅಂತ ನೋಡಿ. ಕೋಪ ಬರುತ್ತೆ, ಸ್ಲೈಡ್ ಎಳೀಬೇಕು ಅನ್ಸುತ್ತೆ. ಎಳೆಯೋ ಮುಂಚೆ ಬೆರಳು ಟ್ರಿಗರ್‌ನಿಂದ ಹೊರಗೆ, ಮೂತಿ ಗುರಿಯ ಕಡೆಗೆ, ಎರಡು ಸೆಕೆಂಡ್ ನೋಡಿ. ಗುಂಡಿನ ಮೂತಿ ಕೆಳಗೆ ಮುಗ್ಗರಿಸಿ ಫೀಡ್ ರ‍್ಯಾಂಪಿಗೆ ಗುದ್ದಿಕೊಂಡಿದೆಯಾ? ಅಥವಾ ಅರ್ಧ ಒಳಗೆ ಹೋಗಿ ಓರೆಯಾಗಿ ಸಿಕ್ಕಿಕೊಂಡಿದೆಯಾ? ಅಥವಾ ಪೂರಾ ಒಳಗೆ ಹೋಗಿ ಕೊನೆ ಎರಡು ಮಿಲಿಮೀಟರ್ ಬಾಕಿ ಇದೆಯಾ? ಮೂರಕ್ಕೂ ಕಾರಣ ಬೇರೆ. ಮುಗ್ಗರಿಸಿದರೆ ಮ್ಯಾಗಜೀನ್ ಮತ್ತು ಒಟ್ಟು ಉದ್ದ, ತೀರಾ ಗಿಡ್ಡವಾದ ರೌಂಡ್ ಮೂತಿ ತಗ್ಗಿಸುತ್ತೆ. ಓರೆಯಾದರೆ ಗುಂಡಿನ ಆಕಾರ, ಎಕ್ಸ್‌ಟ್ರ್ಯಾಕ್ಟರ್ ಬಿಗಿತ. ಕೊನೆ ಎರಡು ಮಿಲಿಮೀಟರ್ ಬಾಕಿ ಅಂದ್ರೆ ಹತ್ತಕ್ಕೆ ಒಂಬತ್ತು ಸಲ ರೌಂಡ್ ಚೇಂಬರಿಗೆ ಹಿಡಿಸ್ತಿಲ್ಲ, ಇದು ನನ್ನ ಅನುಭವದ ಲೆಕ್ಕ.

ಇಲ್ಲಿ ಒಂದು ಮಾತು ನಿಲ್ಲಿಸಿ ಹೇಳಲೇಬೇಕು. ಹಿಂದಿನ ಶಾಟ್ ಸದ್ದು ಮಂದವಾಗಿ, "ಪುಸ್" ಅಂತ ಬಂದಿತ್ತು, ಈಗ ಮುಂದಿನ ರೌಂಡ್ ಪೂರಾ ಹೋಗ್ತಿಲ್ಲ ಅಂದ್ರೆ, ಹಿಂದಿನ ಗುಂಡು ಬ್ಯಾರೆಲ್ ಬಾಯಲ್ಲೇ ಕೂತಿರಬಹುದು. ಪೌಡರ್ ಬೀಳದ ಕೇಸಿನಲ್ಲಿ ಪ್ರೈಮರ್ ಒಂದೇ ಗುಂಡನ್ನು ಅಷ್ಟು ದೂರ ತಳ್ಳುತ್ತೆ, ಆಚೆ ಕಳಿಸಲ್ಲ. ಆಗ ಈ ಸಿಕ್ಕಿಕೊಳ್ಳೋದೇ ನಿಮ್ಮನ್ನು ಉಳಿಸ್ತಿರೋದು. ಅಂಗೈಯಿಂದ ಗುದ್ದಿ ಮುಚ್ಚಿದಿರೋ, ಮುಂದಿನ ಗುಂಡು ಹೋಗೋಕೆ ದಾರಿ ಇಲ್ಲ. ಮ್ಯಾಗಜೀನ್ ತೆಗೆದು, ಖಾಲಿ ಮಾಡಿ, ಬ್ಯಾರೆಲ್ ಬಿಚ್ಚಿ, ಬೆಳಕಿಗೆ ಹಿಡಿದು ಆರಪಾರ ನೋಡಿ. ನನ್ನ ಪ್ರಕಾರ ಮನೆಯಲ್ಲಿ ಕಟ್ಟಿದ ರೌಂಡ್ ಹೊಡೆಯೋರು ಸ್ಲೈಡ್ ಬೆನ್ನಿಗೆ ಅಂಗೈ ಕೊಡೋ ಅಭ್ಯಾಸವನ್ನು ಮರೆತೇಬಿಡಬೇಕು. ಯೂಟ್ಯೂಬ್‌ನಲ್ಲಿ ಅದನ್ನು ಜಾಣತನ ಅನ್ನೋ ಹಾಗೆ ತೋರಿಸ್ತಾರೆ. ಪೊಲೀಸರ, ಸೈನಿಕರ ತರಬೇತಿ ಬೇರೆ, ಅವರ ಕೈಯಲ್ಲಿರೋದು ಕಾರ್ಖಾನೆ ರೌಂಡ್, ಎದುರಿಗಿರೋ ಅಪಾಯವೂ ಬೇರೆ. ಕಾಗದದ ಗುರಿ ನಿಮಗೆ ತಿರುಗಿ ಹೊಡೆಯಲ್ಲ.

ಮನೆಗೆ ಬಂದ ಮೇಲೆ ಡಮ್ಮಿ ಮಾಡಿ. ಪೌಡರ್ ಇಲ್ಲ, ಪ್ರೈಮರ್ ಇಲ್ಲ, ಕೇಸ್ ಮತ್ತು ಗುಂಡು ಅಷ್ಟೇ. ಜೀವಂತ ರೌಂಡ್ ಹಾಕಿ ಗ್ಯಾರೇಜಿನಲ್ಲಿ ಸ್ಲೈಡ್ ಆಡಿಸಿ ನೋಡೋರಿದ್ದಾರೆ, ಅವರ ಮನೆಗೆ ನಾನು ಕಾಫಿಗೆ ಹೋಗಲ್ಲ. ಪಿಸ್ತೂಲು ಬಿಚ್ಚಿ ಬ್ಯಾರೆಲ್ ಒಂದನ್ನೇ ಕೈಲಿ ಹಿಡಿದು, ಚೇಂಬರ್ ಮೇಲ್ಮುಖ ಮಾಡಿ, ಡಮ್ಮಿ ಬಿಡಿ. "ಟಣ್" ಅಂತ ಕೂರಬೇಕು. ಇದಕ್ಕೆ ಇಲ್ಲಿ ಪ್ಲಂಕ್ ಟೆಸ್ಟ್ ಅಂತಾರೆ. ಕೂತ ಮೇಲೆ ಬೆರಳಲ್ಲಿ ತಿರುಗಿಸಿ, ಸಲೀಸಾಗಿ ಸುತ್ತಬೇಕು. ಬ್ಯಾರೆಲ್ ಬೋರಲು ಹಾಕಿದರೆ ತಾನಾಗೇ ಬೀಳಬೇಕು. ಮೂರೂ ಆದರೆ ಪಾಸ್. ಪೀಣ್ಯದ ಗೋ-ನೋ-ಗೋ ಗೇಜ್ ಇದೇ, ಬ್ಯಾರೆಲ್ಲೇ ನಿಮ್ಮ ಗೇಜ್. ಅಂಗಡಿಯಲ್ಲಿ ಬೇರೆ ಗೇಜ್ ಮಾರ್ತಾರೆ, ಚೆನ್ನಾಗೇ ಇರುತ್ತೆ, ಆದರೆ ನೀವು ಹೊಡೆಯೋದು ಆ ಗೇಜಿನಿಂದ ಅಲ್ಲವಲ್ಲ.

ಫೇಲ್ ಆದರೆ? ಕಪ್ಪು ಮಾರ್ಕರ್ ತಗೊಂಡು ಡಮ್ಮಿಯ ಮೈಗೆಲ್ಲ ಬಳಿದು, ಮತ್ತೆ ಬಿಟ್ಟು, ಒಂದು ಸುತ್ತು ತಿರುಗಿಸಿ ತೆಗೀರಿ. ಮಸಿ ಎಲ್ಲಿ ಕಿತ್ತುಹೋಗಿದೆಯೋ ಅಲ್ಲಿ ತಾಕ್ತಿದೆ. ಹತ್ತು ರೂಪಾಯಿ ಪೆನ್ನು ಮಾಡೋ ಈ ಕೆಲಸವನ್ನು ಯಾವ ದುಬಾರಿ ಉಪಕರಣವೂ ಮಾಡಲ್ಲ.

ಗುಂಡಿನ ಭುಜದಲ್ಲಿ, ಅಂದ್ರೆ ಕೇಸ್ ಬಾಯಿಗಿಂತ ಮುಂದೆ ಗೀರು ಬಿದ್ದಿದ್ದರೆ ರೌಂಡ್ ಉದ್ದ ಜಾಸ್ತಿ, ಗುಂಡು ಬ್ಯಾರೆಲ್‌ನ ರೈಫ್ಲಿಂಗ್ ಗಾಡಿಗಳಿಗೆ ತಾಗ್ತಿದೆ. ಮಂಡ್ಯದ ಹುಡುಗನಿಗೆ ಬಂದದ್ದು ಇದೇ. ಪುಸ್ತಕದಲ್ಲಿ 9 ಎಂಎಂಗೆ ಗರಿಷ್ಠ ಉದ್ದ 1.169 ಅಂತ ಇರುತ್ತೆ, .45ಗೆ 1.275. ಅದು ಮೇಲಿನ ಗಡಿ ಅಷ್ಟೇ, ನಿಮ್ಮ ಗುಂಡಿಗೆ ಸರಿಹೋಗೋ ಉದ್ದ ಅಲ್ಲ. ದುಂಡು ಮೂತಿ ಗುಂಡು ಬೇಗ ತೆಳುವಾಗುತ್ತೆ, ಚಪ್ಪಟೆ ಮೂತಿಯದು ಕೊನೆವರೆಗೂ ದಪ್ಪ, ಹಾಗಾಗಿ ಅದೇ ಉದ್ದದಲ್ಲಿ ಮೊದಲೇ ತಾಗುತ್ತೆ. ನಾವು ಡಮ್ಮಿಯನ್ನು ಹತ್ತತ್ತು ಥೌ ಒಳಗೆ ಕೂರಿಸ್ತಾ, ಪ್ರತಿ ಸಲ ಬ್ಯಾರೆಲ್‌ಗೆ ಬಿಟ್ಟು ನೋಡ್ತಾ ಹೋದ್ವಿ. 1.075ಕ್ಕೆ ಸುತ್ತಿತು. ಮೇಣ, ಮಸಿ ಕೂರೋಕೆ ಇನ್ನೊಂದು ಹತ್ತು ಥೌ ಬಿಟ್ಟು 1.065 ಇಟ್ವಿ. ಈ ಅಂಕಿ ಅವನ ಬ್ಯಾರೆಲ್‌ಗೆ, ಅವನ ಗುಂಡಿಗೆ. ನೋಟ್ಸ್ ಆ್ಯಪ್‌ನಲ್ಲಿ ಬರ್ಕೋಬೇಡಿ.

ಇದರ ಹಿಂದೇನೇ ಇನ್ನೊಂದು ಹೆಜ್ಜೆ ಇದೆ, ಅದನ್ನು ಹಾರಿಸಬೇಡಿ. ಉದ್ದ ಇಳಿಸಿದಿರಿ ಅಂದ್ರೆ ಒಳಗಿನ ಕೋಣೆ ಕುಗ್ಗಿಸಿದಿರಿ ಅಂತ ಅರ್ಥ. ಹಳೇ ಪೌಡರ್ ಪ್ರಮಾಣ ಇನ್ನು ಲೆಕ್ಕಕ್ಕಿಲ್ಲ. ಅಚ್ಚಾದ ಕೈಪಿಡಿ ತೆಗೆದು, ಆ ತೂಕದ, ಆ ಆಕಾರದ ಗುಂಡಿಗೆ ಕೊಟ್ಟಿರೋ ಆರಂಭದ ಪ್ರಮಾಣದಿಂದ ಮತ್ತೆ ಮೊದಲಾಗಬೇಕು. ನಾನು ಇಲ್ಲಿ ಪ್ರಮಾಣ ಹೇಳಲ್ಲ. ಕಿವಿಯಲ್ಲಿ ಕೇಳಿದ ಪೌಡರ್ ಲೆಕ್ಕವನ್ನು ಯಾರೂ ನಂಬಬಾರದು, ನನ್ನದನ್ನೂ.

ಗೀರು ಕೇಸ್ ಬಾಯಿಯ ಅಂಚಿನಲ್ಲಿದ್ದರೆ ಕಥೆ ಬೇರೆ. ನಿಮ್ಮ ಮನೆ ಫಿಲ್ಟರ್ ಕಾಫಿ ಲೋಟ ನೆನಪಿಸ್ಕೊಳ್ಳಿ, ಅಂಚು ಹೊರಕ್ಕೆ ಬಾಗಿರುತ್ತೆ. ಕೇಸ್ ಬಾಯನ್ನೂ ಮೊದಲು ಹಾಗೇ ಅರಳಿಸಬೇಕು, ಇಲ್ಲದಿದ್ದರೆ ಚೂಪು ಹಿತ್ತಾಳೆ ಮೃದು ಸೀಸವನ್ನು ಹೆರೆದು ಉಂಗುರ ಎಬ್ಬಿಸುತ್ತೆ, ಆ ಉಂಗುರ ಹೋಗಿ ಚೇಂಬರ್ ಕೊನೆಯಲ್ಲಿ ಕೂರುತ್ತೆ. ಗುಂಡು ಕೂತ ಮೇಲೆ ಆ ಅರಳಿದ ಅಂಚನ್ನು ಮತ್ತೆ ನೆಟ್ಟಗೆ ಮಾಡಬೇಕು. ಅಷ್ಟೇ ಕ್ರಿಂಪ್‌ನ ಕೆಲಸ, ಗುಂಡು ಹಿಡಿಯೋದಲ್ಲ. ಎಷ್ಟು ನೆಟ್ಟಗೆ? ಲೆಕ್ಕ ಸುಲಭ. ಗುಂಡಿನ ದಪ್ಪ, ಅದಕ್ಕೆ ಕೇಸ್ ಗೋಡೆಯ ದಪ್ಪ ಎರಡು ಸಲ ಕೂಡಿಸಿ. 0.356ರ ಗುಂಡು, ಗೋಡೆ 0.011 ಆದರೆ 0.378. ಅದರ ಆಸುಪಾಸು, ಬೇಕಾದರೆ ಒಂದು ಥೌ ಕಮ್ಮಿ. 9 ಎಂಎಂ ಕೇಸ್ ಬಾಯಿಗೆ ಮಾನದಂಡದ ಮೇಲ್ಮಿತಿ 0.380, ಅದರೊಳಗೆ ಇದ್ದೀರಿ. .45ಗೆ ಸಾಮಾನ್ಯವಾಗಿ 0.471ರ ಹತ್ತಿರ ಬರುತ್ತೆ. ನಮ್ಮ ಹುಡುಗ ಬಿಗಿದದ್ದು 0.372.

ಇನ್ನೂ ಒಂದು ಕಾರಣ ಇದೆ ಅತಿ ಬಿಗಿತ ಬೇಡ ಅನ್ನೋದಕ್ಕೆ. ಈ ಎರಡೂ ಕೇಸ್‌ಗಳು ಚೇಂಬರಿನಲ್ಲಿ ನಿಲ್ಲೋದು ಬಾಯಿಯ ಅಂಚಿನ ಆಧಾರದ ಮೇಲೇ. ಆ ಅಂಚನ್ನೇ ಒಳಕ್ಕೆ ಮಡಚಿದರೆ ರೌಂಡ್ ನಿಲ್ಲಬೇಕಾದ ಜಾಗ ದಾಟಿ ಮುಂದೆ ಹೋಗುತ್ತೆ.

ಗೀರು ಕೇಸಿನ ಹೊಟ್ಟೆಯಲ್ಲಿ, ಒಂದೇ ಪಕ್ಕ ಇದ್ದರೆ ಗುಂಡು ಓರೆಯಾಗಿ ಕೂತಿದೆ, ಬಾಯಿ ಅರಳಿಸಿದ್ದು ಸಾಲದು. ಸುತ್ತಲೂ ಇದ್ದರೆ ಗುಂಡಿನ ತಳ ಕೇಸಿನ ದಪ್ಪ ಗೋಡೆ ತನಕ ಇಳಿದು ಉಬ್ಬಿಸಿದೆ. ಬೇರೆ ಬೇರೆ ಕಂಪನಿಯ ಕೇಸ್ ಬೆರೆಸಿ ಕಟ್ಟೋರಿಗೆ ಇದು ಜಾಸ್ತಿ. ನೂರರಲ್ಲಿ ಎಂಟು ಫೇಲ್ ಆದರೆ ಆ ಎಂಟರ ತಳದ ಮುದ್ರೆ ನೋಡಿ, ಹೆಚ್ಚಾಗಿ ಒಂದೇ ಮನೆತನದವು ಸಿಗುತ್ತವೆ. ತಳದ ಹತ್ತಿರ ಗೀರು ಅಂದ್ರೆ ಸೈಸಿಂಗ್ ಡೈ ಪೂರ್ತಿ ಕೆಳಗೆ ಮುಟ್ಟಿಲ್ಲ, ಶೆಲ್ ಹೋಲ್ಡರ್‌ಗೆ ತಾಗೋವರೆಗೆ ಇಳಿಸಿ. ಕ್ರಿಂಪ್ ಡೈಗಳಲ್ಲಿ ಕೆಲವಕ್ಕೆ ಕಾರ್ಬೈಡ್ ಉಂಗುರ ಇರುತ್ತೆ, ಕೊನೆಯಲ್ಲಿ ಇಡೀ ರೌಂಡನ್ನು ಹಿಂಡಿ ಸರಿಮಾಡುತ್ತೆ. ಪ್ಲಂಕ್ ಟೆಸ್ಟ್ ಪಾಸಾಗುತ್ತೆ, ಖುಷಿಯಾಗುತ್ತೆ. ಒಳಗಿನ ಎರಕದ ಗುಂಡೂ ಹಿಂಡಿಹೋಗಿರಬಹುದು. ಒಂದು ಗುಂಡು ಕಿತ್ತು ಅಳೆಯದೆ ಅದನ್ನು ಹೊಗಳಬೇಡಿ.

ಮೊದಲ ಐವತ್ತು ಚೆನ್ನಾಗಿ ಓಡಿ ಆಮೇಲೆ ಶುರುವಾಗೋ ತೊಂದರೆಯೂ ಇದೆ. ಅದು ಅಳತೆಯದಲ್ಲ, ಕೊಳೆಯದು. ಲೂಬ್ ಮೇಣ, ಮಸಿ, ಸೀಸದ ಚೂರು ಸೇರಿ ಚೇಂಬರ್ ಮೂಲೆಯಲ್ಲಿ ಗಸಿ ಕಟ್ಟುತ್ತೆ. ಹಳೇ ಗ್ಲಾಕ್‌ಗಳ ದುಂಡಗಿನ ಪಾಲಿಗೊನಲ್ ಬ್ಯಾರೆಲ್ ಇದ್ದೋರಿಗೆ, ಬರೀ ಸೀಸದ ಗುಂಡು ಹಾಕಬೇಡಿ ಅಂತ ತಯಾರಕರೇ ಹೇಳ್ತಾರೆ. ಅದನ್ನು ಕೇಳೋದು ಒಳ್ಳೇದು.

.45ರವರಿಗೆ ಎರಡು ಮಾತು. ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿ 1911ರಲ್ಲಿ ಅಮೆರಿಕದ ಸೈನ್ಯ ಒಪ್ಪಿಕೊಂಡ ಪಿಸ್ತೂಲು ಓಡ್ತಿದ್ದದ್ದು 230 ಗ್ರೇನ್ ದುಂಡು ಮೂತಿ ಹೊದಿಕೆ ಗುಂಡಿನ ಮೇಲೆ. ಕಾಗದದಲ್ಲಿ ಪಂಚಿಂಗ್ ಮಷೀನ್ ಹೊಡೆದ ಹಾಗೆ ತೂತು ಬೀಳಲಿ ಅಂತ ಗುರಿಕಾರರು 200 ಗ್ರೇನ್ ಸೆಮಿ-ವಾಡ್‌ಕಟರ್ ಹಿಡಿದರು, ಚೂಪು ಭುಜದ ಎರಕದ ಗುಂಡು. ಹೆನ್ಸ್‌ಲಿ ಅಂಡ್ ಗಿಬ್ಸ್‌ನ 68ನೇ ನಂಬರ್ ಅಚ್ಚು ಇದರಲ್ಲಿ ಹೆಸರುವಾಸಿ. ಅದರ ಭುಜ ಕೇಸ್ ಬಾಯಿಂದ ಉಗುರಿನಷ್ಟು ಮೇಲೆ ಕಾಣ್ತಿರಬೇಕು. ಪೂರ್ತಿ ಮುಳುಗಿಸಿದರೆ ಹಿತ್ತಾಳೆ ಅಂಚೇ ಚೇಂಬರ್ ಬಾಯಿಗೆ ಬಡಿಯುತ್ತೆ, ಜಾಸ್ತಿ ಬಿಟ್ಟರೆ ರೈಫ್ಲಿಂಗ್‌ಗೆ ತಾಗುತ್ತೆ. ಗುರಿಗೆ ಅಂತ ತುಂಬಾ ಮೆದುವಾಗಿ ಕಟ್ಟಿದ ರೌಂಡ್, ಐದಿಂಚು 1911ರ ಮಾಮೂಲಿ 16 ಪೌಂಡ್ ಸ್ಪ್ರಿಂಗನ್ನು ಪೂರ್ತಿ ಹಿಂದಕ್ಕೆ ತಳ್ಳದೇ ಇರಬಹುದು. ಆಗ ಮುಂದಿನ ರೌಂಡ್ ಸರಿಯಾಗಿ ಎತ್ತಿಕೊಳ್ಳಲ್ಲ. ಹಗುರ ಸ್ಪ್ರಿಂಗ್ ಹಾಕಿಸೋದು ಸುಲಭ. ಆದರೆ ಫೀಡ್ ರ‍್ಯಾಂಪನ್ನು ನೀವೇ ಉಜ್ಜೋಕೆ ಹೋಗಬೇಡಿ. ಗ್ರೈಂಡರ್ ಒಂದು ಗೆರೆ ಜಾಸ್ತಿ ತಿಂದರೆ ಕೇಸಿನ ತಳಕ್ಕೆ ಇದ್ದ ಆಸರೆ ಹೋಯ್ತು, ಹಿತ್ತಾಳೆ ಹೊಟ್ಟೆ ಬಿಡೋದು ಅಲ್ಲೇ. ತೆಗೆದ ಉಕ್ಕು ವಾಪಸ್ ಬರಲ್ಲ.

ಹಿಡಿತ ಪರೀಕ್ಷೆ ಒಂದು ಉಳಿದಿದೆ. ಡಮ್ಮಿಯ ಉದ್ದ ಅಳೆದು, ಗುಂಡಿನ ಮೂತಿಯನ್ನು ಬೆಂಚಿನ ಮರಕ್ಕೆ ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿ, ಮತ್ತೆ ಅಳೀರಿ. ಆಮೇಲೆ ಅದನ್ನೇ ಮ್ಯಾಗಜೀನಿಂದ ಮೂರು ನಾಲ್ಕು ಸಲ ಸ್ಲೈಡ್ ಬಿಟ್ಟು ಒಳಗೆ ಹಾಕಿಸಿ, ಮತ್ತೆ ಅಳೀರಿ. ಒಂದೆರಡು ಥೌ ಪರವಾಗಿಲ್ಲ. ಐದು, ಹತ್ತು ಸರಿದರೆ ಆ ಸೆಟ್ಟಿಂಗ್‌ನಲ್ಲಿ ಒಂದೂ ಜೀವಂತ ರೌಂಡ್ ಕಟ್ಟಬೇಡಿ. ಪರೀಕ್ಷೆ ಮುಗಿದ ಡಮ್ಮಿಗೆ ಪಕ್ಕದಲ್ಲಿ ಒಂದು ತೂತು ಕೊರೆದುಬಿಡಿ, ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತೆ.

ಸೀಸದ ಬಗ್ಗೆ ಒಬ್ಬರು ತಾಯಿ ಕೇಳಿದ್ದರು, ಮಗ ಗ್ಯಾರೇಜಿನಲ್ಲಿ ಎರಕ ಹೊಯ್ತಾನೆ, ಮನೇಲಿ ಎರಡು ವರ್ಷದ ಮೊಮ್ಮಗು ಇದೆ ಅಂತ. ಅಮ್ಮ, ನಿಮ್ಮ ಚಿಂತೆ ಸರಿಯಾಗೇ ಇದೆ. ಸೀಸ 327 ಡಿಗ್ರಿಗೆ ಕರಗುತ್ತೆ. ಹೆಚ್ಚು ತೊಂದರೆ ಕೊಡೋದು ಮೇಲೆ ಕಟ್ಟೋ ಬೂದಿಯಂಥ ಕಿಟ್ಟ, ಹಳೇ ಕೇಸ್ ಉಜ್ಜುವಾಗ ಏಳೋ ಪ್ರೈಮರ್ ಧೂಳು. ಅದು ಕೈ, ಬಟ್ಟೆ, ಚಪ್ಪಲಿ ಹಿಡ್ಕೊಂಡು ಒಳಗೆ ಬರುತ್ತೆ, ನೆಲದ ಮೇಲೆ ಅಂಬೆಗಾಲಿಡೋ ಮಗುವಿನ ಬಾಯಿಗೆ ಹೋಗುತ್ತೆ. ಚಪ್ಪಲಿ ಗ್ಯಾರೇಜಲ್ಲೇ ಇರಲಿ, ಬಟ್ಟೆ ಬೇರೆ ಒಗೀಲಿ, ಕೈ ಸೋಪಿನಲ್ಲಿ ತೊಳೆದೇ ಮಗು ಎತ್ತಿಕೊಳ್ಳಲಿ, ಅಡುಗೆಮನೆಯ ಪಾತ್ರೆ ಒಂದೂ ಅಲ್ಲಿಗೆ ಹೋಗದಿರಲಿ. ಮಗುವಿನ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಡಾಕ್ಟರ್ ಹತ್ತಿರ ಒಂದು ಸಲ ನೋಡಿಸಿ, ಮಗನದ್ದೂ ಸೇರಿಸಿ. ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ದರೂ ಅದು ಸಿಡಿದು ಮುಖಕ್ಕೆ ಬರುತ್ತೆ, ಅದನ್ನೂ ಅವನಿಗೆ ಹೇಳಿ.

ಮಂಡ್ಯದ ಹುಡುಗನ ಹತ್ತಿರ ಆ ಅತಿ ಬಿಗಿದ ರೌಂಡ್ ಇನ್ನೂ ಇನ್ನೂರ ಚಿಲ್ಲರೆ ಇದ್ದವು. "ಪ್ಲಂಕ್ ಆಗೋದನ್ನ ಆರಿಸಿ ಹೊಡೆದುಬಿಡ್ಲಾ ಅಣ್ಣಾ?" ಅಂದ. ಬೇಡ ಅಂದೆ. ಒಂದಿಡೀ ಭಾನುವಾರ ಸುತ್ತಿಗೆ ಬಡಿದು ಎಲ್ಲ ಬಿಚ್ಚಿದ. ಸಣ್ಣಗಾದ ಗುಂಡು ಮತ್ತೆ ಕರಗಿಸೋ ಪಾತ್ರೆಗೆ, ಪ್ರೈಮರ್ ಕೂತಿರೋ ಕೇಸ್ ಬೇರೆ ಡಬ್ಬಿಗೆ. ಪೌಡರ್ ಮಾತ್ರ ಹಳೇ ಡಬ್ಬಿಗೆ ವಾಪಸ್ ಸುರೀಬೇಡ ಅಂತ ಹೇಳಿದ್ದೆ. ಮೇಣ ಬೆರೆತಿರುತ್ತೆ, ಯಾವುದರಿಂದ ಬಂದದ್ದೋ ಗ್ಯಾರಂಟಿ ಇಲ್ಲ. ಅಂಗಳದ ಹುಲ್ಲಿನ ಮೇಲೆ ತೆಳ್ಳಗೆ ಚೆಲ್ಲಿ ನೀರು ಬಿಟ್ಟ.

ಸಿಕ್ಕಿಕೊಂಡ ರೌಂಡಿನ ಫೋಟೋ ಇದ್ದರೆ ಕಳಿಸಿ, ಮಾರ್ಕರ್ ಬಳಿದ ಡಮ್ಮಿಯದ್ದಾದರೆ ಇನ್ನೂ ಒಳ್ಳೇದು. ಕಳಿಸುವಾಗ ಉದ್ದ, ಬಾಯಿ ಅಳತೆ, ಕಿತ್ತ ಗುಂಡಿನ ದಪ್ಪ, ಈ ಮೂರು ಅಂಕಿ ಜೊತೆಗಿರಲಿ. ಸಿಗೋಣ.